ಬಿಚ್ಚಿ ಕಟ್ಟಿದ ಹಳೆಯ ಅಗೆಯುವ ಯಂತ್ರಗಳಲ್ಲಿ ಹೈಡ್ರಾಲಿಕ್ ದೋಷಗಳನ್ನು ಪರೀಕ್ಷಿಸುವ ಕ್ರಮ

ಕೆರೆಗಳ ಹೂಳೆತ್ತುವುದು, ಬದು ಹಾಕುವುದು, ಕೃಷಿಹೊಂಡ ತೋಡುವುದು, ಮುಚ್ಚಿಹೋದ ಕಾಲುವೆಗಳನ್ನು ಬಿಡಿಸುವುದು ಮುಂತಾದ ಕೆಲಸಗಳು ಹಿಂದೆ ಗುದ್ದಲಿ ಮಂಕರಿಗಳಿಂದ ನಡೆಯುತ್ತಿದ್ದುವು. ಈಗ ಅವು ಬಹುಮಟ್ಟಿಗೆ ಯಂತ್ರಗಳ ಪಾಲಾಗಿವೆ. ಕರ್ನಾಟಕದಲ್ಲಿ ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಸೀಮೆಗಳಲ್ಲಿ ಹೊಂಡಗಳ ಕೆಲಸ ಹೆಚ್ಚಿದ ಮೇಲಂತೂ ಅಗೆಯುವ ಯಂತ್ರವನ್ನು ಕಾಣದ ಹೋಬಳಿಯು ದುರ್ಲಭವೆನ್ನಬಹುದು. ಹಿಂದೆ ಅಗೆಯುವ ತೋಳೂ ಮುಂದೆ ಮಣ್ಣು ತುಂಬುವ ಬಕೆಟ್ಟೂ ಇರುವ ಇಂಥ ಯಂತ್ರವನ್ನು, ಅದು ಯಾವ ಕಾರ್ಖಾನೆಯದಾದರೂ ಸರಿಯೆ, ಹಳ್ಳಿಗಳಲ್ಲಿ ಜೆಸಿಬಿ ಎಂದೇ ಕರೆಯುವರು. ೧೯೪೫ರಲ್ಲಿ ಇಂಗ್ಲೆಂಡಿನಲ್ಲಿ ಕಸುಬನ್ನಾರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳಿವು; ಒಂದು ಕಾರ್ಖಾನೆಯ ಹೆಸರು ಇಡೀ ಜಾತಿಗೆ ಹೆಸರಾಗಿ ನಿಂತಿದೆ.

ಹೊಸ ಯಂತ್ರಕ್ಕೆ ಹಲವು ಲಕ್ಷ ರೂಪಾಯಿಗಳು ಬೇಕಾಗುವುದರಿಂದ, ಜಮೀನುದಾರರು ಒಬ್ಬರಾಗಿಯೋ ಇಬ್ಬರು ಮೂವರು ಕೂಡಿಯೋ ಸಾವಿರಾರು ಗಂಟೆ ದುಡಿದ ಹಳೆಯ ಯಂತ್ರವನ್ನು ಕೊಂಡು, ಪಟ್ಟಣದ ಗರಾಜಿನಲ್ಲಿ ಅದನ್ನು ಬಿಚ್ಚಿಸಿ, ಸವೆದ ಭಾಗಗಳನ್ನು ಬದಲಾಯಿಸಿ, ಮರಳಿ ಕಟ್ಟಿಸಿ ತರುವುದು ರೂಢಿಯಾಗಿದೆ. ಹೀಗೆ ತಂದ ಯಂತ್ರವು ಮೊದಲ ದಿನ ಚೆನ್ನಾಗಿ ನಡೆದು, ಎರಡನೆಯ ದಿನ ತೋಳು ಮಂದವಾಗಿ, ಮೂರನೆಯ ದಿನ ನಿಂತೇಹೋಗುವುದು ಅಪರೂಪವಲ್ಲ. ಆಗ ಮಿಸ್ತ್ರಿಯು ಪಂಪು ಹೋಯಿತೆನ್ನುವನು. ಇನ್ನೊಂದು ಪಂಪು ಬರುವುದು. ದೋಷವು ಇದ್ದಲ್ಲಿಯೇ ಇರುವುದು. ಕೆರೆಯಂಗಳವು ಒಣಗಿರುವುದು ಫಾಲ್ಗುಣದಿಂದ ವೈಶಾಖದವರೆಗೆ ಮಾತ್ರ. ಭರಣಿ ಕೃತ್ತಿಕೆಗಳಲ್ಲಿ ಗರಾಜಿನಲ್ಲಿ ನಿಂತಿದ್ದ ಯಂತ್ರವು ರೋಹಿಣಿಯ ಮಳೆ ಬಿದ್ದ ಮೇಲೆ ದುರಸ್ತಾಗಿ ಬಂದರೆ ಆ ವರ್ಷದ ಹೂಳು ಕೆರೆಯಲ್ಲಿಯೇ ಉಳಿಯುವುದು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಬಿಚ್ಚಿ ಕಟ್ಟಿದ ಯಂತ್ರದ ದೋಷವು ದುಡಿದು ಸವೆದ ಯಂತ್ರದ ದೋಷಕ್ಕಿಂತ ಬೇರೆ ಸ್ವಭಾವದ್ದು. ಸವೆತವು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬರುವುದು. ಕಟ್ಟಿದ ಕೂಡಲೇ ಕಾಣುವ ದೋಷವಾದರೋ ಹೆಚ್ಚಾಗಿ ಕಟ್ಟಿದ ಕೈಗಳಿಂದಲೇ ಒಳಹೊಕ್ಕುದಾಗಿರುವುದು. ಕೊಳವೆಗಳಲ್ಲಿ ಉಳಿದ ಗಾಳಿ, ಸೇರಿಕೊಂಡ ದೂಳು, ತಿರುವುಮುರುವಾಗಿ ಕೂರಿಸಿದ ಸೀಲ್, ಸ್ಥಾನ ತಪ್ಪಿದ ಸ್ಪ್ರಿಂಗು, ಅಳತೆಯಿಲ್ಲದೆ ತಿರುಗಿಸಿದ ಸ್ಕ್ರೂ ಇವೇ ಅದರ ಕಾರಣಗಳು. ಆದುದರಿಂದ ಏನು ಸವೆದಿದೆಯೆಂದು ಹುಡುಕುವುದಕ್ಕೆ ಮೊದಲು, ಏನನ್ನು ಬಿಚ್ಚಲಾಯಿತು, ಏನನ್ನು ಮುಟ್ಟಲಾಯಿತು ಎಂದು ವಿಚಾರಿಸತಕ್ಕದ್ದು. ಮತ್ತು ಅಳೆದು ನೋಡದೆ ಯಾವ ಭಾಗವನ್ನೂ ಎರಡನೆಯ ಸಲ ಕೊಳ್ಳಕೂಡದು.

ಯಂತ್ರದ ಬಲವು ಎಲ್ಲಿಂದ ಬರುವುದು

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ೧೭ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ ಎಂಬ ವಿದ್ವಾಂಸನು ನಿರೂಪಿಸಿದನು. ಅದನ್ನು ಕೆಲಸಕ್ಕೆ ಹಚ್ಚಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು ೧೭೯೫ರಲ್ಲಿ ದ್ರವದ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಅಗೆಯುವ ಯಂತ್ರದಲ್ಲಿ ನೀರಿನ ಬದಲು ಎಣ್ಣೆಯಿರುವುದು. ಟ್ಯಾಂಕಿಯಿಂದ ಎಣ್ಣೆಯು ದಪ್ಪವಾದ ಹೀರುಕೊಳವೆಯ ಮೂಲಕ ಪಂಪಿಗೆ ಬರುವುದು; ಪಂಪು ಅದನ್ನು ವಾಲ್ವುಗಳ ಪೆಟ್ಟಿಗೆಗೆ ನೂಕುವುದು; ಚಾಲಕನು ಸನ್ನೆಯನ್ನು ಎಳೆದಾಗ ಒಳಗಿನ ಸ್ಪೂಲ್ ಎಂಬ ಉಕ್ಕಿನ ಕೋಲು ಸರಿದು, ಎಣ್ಣೆಯನ್ನು ಬೇಕಾದ ಸಿಲಿಂಡರಿಗೆ ಬಿಡುವುದು; ಸಿಲಿಂಡರಿನ ಇನ್ನೊಂದು ಕಡೆಯ ಎಣ್ಣೆಯು ಫಿಲ್ಟರಿನ ಮಾರ್ಗವಾಗಿ ಟ್ಯಾಂಕಿಗೆ ಮರಳುವುದು.

ಒಳಗಿನ ಅಗಲ ೧೦೦ ಮಿಲಿಮೀಟರು ಇರುವ ಸಿಲಿಂಡರಿನ ಪಿಸ್ಟನ್ನಿಗೆ ಸುಮಾರು ೭೮ ಚದರ ಸೆಂಟಿಮೀಟರು ಮುಖವಿರುವುದು. ಎಣ್ಣೆಯ ಒತ್ತಡವು ೨೦೦ ಬಾರ್, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ಇದ್ದರೆ, ದಂಡದ ಮೇಲೆ ಬೀಳುವ ಬಲವು ೧೫ ಟನ್ನುಗಳನ್ನು ಮೀರುವುದು. ಕಲ್ಲುನೆಲವನ್ನು ಸೀಳುವ ಶಕ್ತಿಯು ಇಲ್ಲಿಂದ ಬರುವುದು.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಬೇಕು. ಇದು ತಿಳಿಯದೆಯೇ ಬಹಳ ಹಣ ಪೋಲಾಗಿದೆ. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಮಾತ್ರ ಕೊಡುವುದು. ಕಾಲುವೆಯಲ್ಲಿ ನೀರು ಸುಮ್ಮನೆ ಹರಿಯುತ್ತಿರುವಾಗ ಅದು ಏರುವುದಿಲ್ಲ; ಅಡ್ಡಕಟ್ಟೆ ಹಾಕಿದಾಗ ಏರುವುದು; ಕಟ್ಟೆಯಲ್ಲಿ ತೂತಿದ್ದರೆ ಎಷ್ಟು ನೀರು ಬಂದರೂ ತಕ್ಕಷ್ಟು ಏರದು. ಎಣ್ಣೆಯೂ ಹಾಗೆಯೇ. ಭಾರವು ಅಡ್ಡ ನಿಂತಾಗ ಒತ್ತಡ ಏರುವುದು. ಎಲ್ಲಿಯಾದರೂ ಒಳಸೋರಿಕೆಯಿದ್ದರೆ ಏರದು. ಆದಕಾರಣ ತೋಳು ಮಂದವಾಗಿದೆ ಎಂಬ ದೂರೂ, ತೋಳಿಗೆ ಬಲವಿಲ್ಲ ಎಂಬ ದೂರೂ ಒಂದೇ ಅಲ್ಲ. ಮಂದವಾಗಿದ್ದರೆ ಹರಿವು ಸಾಲದು; ಬಲವಿಲ್ಲದಿದ್ದರೆ ಒತ್ತಡ ಸಾಲದು. ಯಂತ್ರದ ಒಡೆಯನು ಮಿಸ್ತ್ರಿಗೆ ಈ ಎರಡರಲ್ಲಿ ಯಾವುದೆಂದು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಎಂಜಿನ್ನನ್ನು ಮೊದಲು ಎಬ್ಬಿಸುವ ಮುನ್ನ

ಹಳೆಯ ಪಂಪು ಒಡೆದುಹೋದುದರಿಂದಲೇ ಯಂತ್ರವನ್ನು ಬಿಚ್ಚಿದ್ದಾದರೆ, ಆ ಪಂಪಿನ ಲೋಹದ ಚೂರುಗಳು ಕೊಳವೆಗಳಲ್ಲಿಯೂ, ಸಿಲಿಂಡರುಗಳಲ್ಲಿಯೂ, ಎಣ್ಣೆಯನ್ನು ತಣಿಸುವ ಕೂಲರಿನಲ್ಲಿಯೂ ಹರಡಿರುವುದು ಖಂಡಿತ. ಅವನ್ನು ತೊಳೆಯದೆ ಹೊಸ ಪಂಪನ್ನು ಹಾಕಿದರೆ ಹಳೆಯ ಪಂಪಿನ ಚೂರುಗಳೇ ಹೊಸದನ್ನು ತಿನ್ನುವುವು. ಎರಡನೆಯ ಪಂಪು ಬೇಗ ಸಾಯುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಮತ್ತೊಂದಿಲ್ಲ. ಟ್ಯಾಂಕಿಯ ತಳವನ್ನು ಒರಸಿದ ಮಾತ್ರಕ್ಕೆ ಸಾಲದು, ಸಿಲಿಂಡರುಗಳನ್ನು ಬರಿದುಮಾಡಬೇಕು, ಕೂಲರಿನ ಸಣ್ಣ ದಾರಿಗಳು ಶುದ್ಧವಾಗುವ ಭರವಸೆಯಿಲ್ಲದಿದ್ದರೆ ಅದನ್ನು ಬದಲಾಯಿಸುವುದೇ ಮೇಲು.

ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ೭೦ ಭಾಗ. ಸುಮಾರು ೪೦ ಮೈಕ್ರಾನಿಗಿಂತ ಸಣ್ಣ ಕಣವು ಬರಿಗಣ್ಣಿಗೆ ಕಾಣದು. ಸ್ಪೂಲಿಗೂ ಅದರ ಮನೆಗೂ ನಡುವಿನ ಸಂದು ಇದಕ್ಕಿಂತಲೂ ಕಿರಿದು. ಹಾಗಾಗಿ ಕೈಯಲ್ಲಿ ಸ್ವಚ್ಛವಾಗಿ ಕಾಣುವ ಎಣ್ಣೆಯು ಯಂತ್ರಕ್ಕೆ ಮರಳಿನ ನೀರಾಗಿರಬಹುದು. ಪೀಪಾಯಿಯಿಂದ ಬಂದ ಹೊಸ ಎಣ್ಣೆಯನ್ನು ಕೂಡ ಫಿಲ್ಟರಿನ ಮೂಲಕವೇ ತುಂಬತಕ್ಕದ್ದು. ದೂಳು ಹಾರುವ ಬಯಲಿನಲ್ಲಿ ಸಿಲಿಂಡರನ್ನು ಬಿಚ್ಚುವುದು, ಹರಕು ಬಟ್ಟೆಯ ನೂಲೆಳೆಗಳು ಒಳಗುಳಿಯುವಂತೆ ಒರಸುವುದು, ಬಿಚ್ಚಿದ ಕೊಳವೆಗಳ ಬಾಯನ್ನು ರಾತ್ರಿಯೆಲ್ಲ ತೆರೆದಿಡುವುದು, ಕೀಲುಗಳಿಗೆ ಅಂಟುಪಟ್ಟಿಯನ್ನು ಸುತ್ತಿ ಅದರ ಹರಕುಗಳು ಒಳಗೆ ಹೋಗುವಂತೆ ಮಾಡುವುದು ಇವೆಲ್ಲ ಗರಾಜುಗಳಲ್ಲಿ ದಿನಂಪ್ರತಿ ಕಾಣುವ ಅಪಚಾರಗಳು. ಬಣ್ಣ ಹೊಡೆಯುವವನು ಟ್ಯಾಂಕಿಯ ಉಸಿರುಗಂಡಿಯ ಮೇಲೂ ಬಣ್ಣ ಬಳಿದು ಅದನ್ನು ಮುಚ್ಚಿಬಿಡುವುದುಂಟು. ಯಂತ್ರವು ಹೊಸದರಂತೆ ಹೊಳೆಯುತ್ತ ಉಸಿರುಕಟ್ಟಿ ನಿಲ್ಲುವುದು.

ಎಣ್ಣೆಯ ಜಾತಿಯನ್ನು ತಯಾರಕರ ಪುಸ್ತಕವನ್ನು ನೋಡಿಯೇ ಗೊತ್ತುಮಾಡಬೇಕು. ಡಬ್ಬಿಯ ಮೇಲೆ ೪೬ ಅಥವಾ ೬೮ ಎಂದಿರುವ ಅಂಕವು ೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಆ ಎಣ್ಣೆಗಿರುವ ಮಂದತ್ವದ ಅಳತೆ. ಅಂಕ ಹೆಚ್ಚಿದಷ್ಟೂ ಎಣ್ಣೆಯು ಗಟ್ಟಿ. ಬಲ ಸಾಲದೆಂದು ತೋರಿದಾಗ ಗಟ್ಟಿ ಎಣ್ಣೆಯನ್ನು ಹಾಕಿ ಒಳಸೋರಿಕೆಯನ್ನು ಮರೆಮಾಡುವುದು ಯಂತ್ರವನ್ನು ಮಾರುವವರ ಹಳೆಯ ಉಪಾಯ. ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಹೊಸ ಪಂಪನ್ನು ಒಣಗಿದಂತೆಯೇ ತಿರುಗಿಸಕೂಡದು. ಹೀರುಕೊಳವೆಯನ್ನೂ ಪಂಪಿನ ಒಡಲನ್ನೂ ಎಣ್ಣೆಯಿಂದ ತುಂಬಿದ ಮೇಲೆ ಎಂಜಿನ್ನನ್ನು ಎಬ್ಬಿಸಿ, ಅತಿ ಕಡಿಮೆ ವೇಗದಲ್ಲಿ ಭಾರವಿಲ್ಲದೆ ಕೆಲವು ನಿಮಿಷ ಬಿಡಬೇಕು. ಹಲ್ಲುಚಕ್ರದ ಪಂಪುಗಳಲ್ಲಿ ಬಲಕ್ಕೆ ತಿರುಗುವುದು ಎಡಕ್ಕೆ ತಿರುಗುವುದು ಎಂದು ಭೇದವುಂಟು. ಹೊರಗಿನ ರೂಪ ಒಂದೇ ಆದರೂ ತಪ್ಪು ದಿಕ್ಕಿನ ಪಂಪನ್ನು ಕೂರಿಸಿದರೆ ಅದರ ಅಚ್ಚಿನ ಸೀಲ್ ಕ್ಷಣಮಾತ್ರದಲ್ಲಿ ಹೊರಕ್ಕೆ ಸಿಡಿಯುವುದು. ಅನಂತರ ಒಂದೊಂದೇ ಸಿಲಿಂಡರನ್ನು ಮೆಲ್ಲನೆ, ಕೊನೆಯವರೆಗೂ ತಗಲದಂತೆ, ಹಲವು ಬಾರಿ ಚಾಚಿ ಮಡಿಸಿ ಒಳಗಿನ ಗಾಳಿಯನ್ನು ಟ್ಯಾಂಕಿಗೆ ಹೊರಡಿಸಬೇಕು. ಆತುರದಿಂದ ಮೊದಲೇ ಪೂರ್ಣ ಭಾರ ಕೊಟ್ಟರೆ, ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಗಾಳಿಯು ಹಠಾತ್ತಾಗಿ ಒತ್ತಲ್ಪಟ್ಟು ಕಾದು, ಎಣ್ಣೆಯ ಆವಿಯು ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆಯೇ ಹೊತ್ತಿಕೊಂಡು ಹೊಸ ಸೀಲುಗಳನ್ನು ಸುಡಬಹುದು. ಗಾಳಿ ಹೊರಟಂತೆ ಟ್ಯಾಂಕಿಯಲ್ಲಿ ಎಣ್ಣೆ ಇಳಿಯುವುದು, ಮತ್ತೆ ತುಂಬಬೇಕು.

ಪಂಪಿನ ಕೂಗು

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಒಬ್ಬ ಜಮೀನುದಾರನು ಕೊಂಡ ಹಳೆಯ ಯಂತ್ರಕ್ಕೆ ಹೊಸ ಪಂಪು, ಹೊಸ ಸೀಲುಗಳು, ಹೊಸ ಎಣ್ಣೆ ಎಲ್ಲವೂ ಬಿದ್ದಿವೆ. ಬೆಳಗ್ಗೆ ಎಂಜಿನ್ನು ಮೆಲ್ಲನೆ ನಡೆಯುವಾಗ ತೊಂದರೆಯಿಲ್ಲ. ವೇಗ ಹೆಚ್ಚಿಸಿದ ಕೂಡಲೇ ಪಂಪು ಕೂಗುವುದು. ತೋಳು ನಡುಗುತ್ತ ಏರುವುದು. ಟ್ಯಾಂಕಿಯ ಮುಚ್ಚಳ ತೆಗೆದು ನೋಡಿದರೆ ಎಣ್ಣೆಯು ಮಜ್ಜಿಗೆಯಂತೆ ನೊರೆಗಟ್ಟಿದೆ. ಹೊರಗೆ ಎಲ್ಲಿಯೂ ಒಂದು ತೊಟ್ಟು ಎಣ್ಣೆ ಸೋರಿಲ್ಲ. ಮಿಸ್ತ್ರಿಯು ಪಂಪನ್ನೇ ದೂರಿ ಎರಡನೆಯದನ್ನು ತರಿಸುವನು. ಅದೂ ಕೂಗುವುದು.

ಇಲ್ಲಿ ಕಾಣಬೇಕಾದುದು ಇಷ್ಟೇ. ಪಂಪು ಎಣ್ಣೆಯನ್ನು ಎಳೆಯುವುದೆಂದು ಹೇಳುವುದು ವಾಡಿಕೆಯ ಮಾತು; ನಿಜವಾಗಿ ಟ್ಯಾಂಕಿಯಲ್ಲಿರುವ ವಾಯುವಿನ ಒತ್ತಡವು ಎಣ್ಣೆಯನ್ನು ಪಂಪಿನೊಳಕ್ಕೆ ನೂಕುವುದು. ಆ ಒತ್ತಡವು ಸುಮಾರು ಒಂದೇ ಬಾರ್. ಪಂಪಿನ ಆಚೆ ೨೦೦ ಬಾರ್ ಇದ್ದರೂ ಈಚೆಗೆ ಖರ್ಚುಮಾಡಲು ಇರುವ ಬಂಡವಾಳವು ಇಷ್ಟು ಅಲ್ಪ. ಹೀರುಕೊಳವೆಯಲ್ಲಿ ಸ್ವಲ್ಪ ಅಡ್ಡಿಯಾದರೂ, ಅದರ ಕೀಲಿನಲ್ಲಿ ಕೂದಲೆಳೆಯ ಸಂದಾದರೂ ಕೆಲಸ ಕೆಡುವುದು. ಈ ಕಡೆಯ ಸಂದಿನಿಂದ ಎಣ್ಣೆ ಹೊರಬರುವುದಿಲ್ಲ, ಗಾಳಿಯು ಒಳಹೋಗುವುದು. ಆದ್ದರಿಂದಲೇ ಕಲೆಯೂ ಕಾಣದು. ಬಾವಿಯ ಪಂಪ್‌ಸೆಟ್ಟಿನ ಹೀರುಪೈಪಿನ ಕೀಲು ಸಡಿಲಿದಾಗ ಪಂಪು ಗಾಳಿ ಹಿಡಿದು ನೀರೆತ್ತದೆ ಒರಲುವುದನ್ನು ಕಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೂಗಿಗೆ ಎರಡು ಬಗೆಯ ಕಾರಣಗಳುಂಟು. ದಾರಿ ಕಟ್ಟಿಕೊಂಡು ಎಣ್ಣೆ ಸಾಲದಾದರೆ ಒಂದೇ ಸಮನಾದ ತೀಕ್ಷ್ಣ ಧ್ವನಿಯಿರುವುದು. ಎಣ್ಣೆಯಲ್ಲಿ ನೊರೆ ಅಷ್ಟಾಗಿ ಇರುವುದಿಲ್ಲ. ಗಾಳಿ ಸೇರುತ್ತಿದ್ದರೆ ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದಂತೆ ಒಡಕು ಧ್ವನಿ ಬರುವುದು, ನೊರೆ ಕಾಣುವುದು. ಗಾಳಿಯ ದಾರಿಯನ್ನು ಹಿಡಿಯಲು ಸುಲಭವಾದ ಪರೀಕ್ಷೆಯೆಂದರೆ, ಎಂಜಿನ್ನು ಮೆಲ್ಲನೆ ನಡೆಯುತ್ತಿರುವಾಗ ತಿರುಗುವ ಭಾಗಗಳಿಗೆ ಕೈ ತಗಲದಂತೆ ಹೀರುಕೊಳವೆಯ ಕೀಲುಗಳಿಗೆ ಒಂದಾದ ಮೇಲೊಂದಕ್ಕೆ ಗ್ರೀಸು ಬಳಿಯುವುದು ಅಥವಾ ಎಣ್ಣೆ ಸುರಿಯುವುದು. ಯಾವ ಕೀಲನ್ನು ಮುಚ್ಚಿದಾಗ ಧ್ವನಿ ತಗ್ಗುವುದೋ ಅಲ್ಲಿಯೇ ದೋಷವಿದೆ. ಈ ಪರೀಕ್ಷೆಗೆ ತಗಲುವ ವೆಚ್ಚವು ಒಂದು ಹಿಡಿ ಗ್ರೀಸು.

ದಾರಿ ಕಟ್ಟಿಕೊಂಡಿದ್ದರೆ ಟ್ಯಾಂಕಿಯೊಳಗಿನ ಜಾಲರಿಯನ್ನೂ, ಉಸಿರುಗಂಡಿಯನ್ನೂ, ಕೊನೆಗೆ ಹೀರುಕೊಳವೆಯನ್ನೂ ನೋಡಬೇಕು. ಮೇಲೆ ಊಹಿಸಿದ ಯಂತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿ, ನೋಡಲು ಗಟ್ಟಿಯಾಗಿದೆಯೆಂದು ಹಳೆಯ ರಬ್ಬರಿನ ಹೀರುಕೊಳವೆಯನ್ನು ಮಾತ್ರ ಉಳಿಸಿಕೊಂಡಿದ್ದರೆ, ಅನುಮಾನವು ಮೊದಲು ಅದರ ಮೇಲೆಯೇ ಬೀಳಬೇಕು. ವಯಸ್ಸಾದ ಕೊಳವೆಯ ಒಳಪದರವು ಬಿಟ್ಟುಕೊಂಡು, ಹರಿವು ಹೆಚ್ಚಿದಾಗ ನಾಲಗೆಯಂತೆ ಮೇಲೆದ್ದು ದಾರಿಯನ್ನು ಮುಚ್ಚುವುದು. ಎಂಜಿನ್ನು ನಿಂತಾಗ ಮತ್ತೆ ಗೋಡೆಗೆ ಅಂಟುವುದು. ಹೊರಗಿನಿಂದ ಹಿಸುಕಿ ನೋಡಿದರೆ ತಿಳಿಯದು. ಅದರ ಪಟ್ಟಿಗಳು ಹಳೆಯವಾಗಿದ್ದರೆ ಬಿಗಿದರೂ ಗಾಳಿ ಒಳನುಗ್ಗಬಹುದು; ಆಗ ನೊರೆಯೂ ಕೂಗೂ ಒಟ್ಟಿಗೆ ಬರುವುವು. ಎರಡು ಪಂಪುಗಳ ಬೆಲೆಯ ಮುಂದೆ ಈ ಒಂದು ಗಜ ರಬ್ಬರಿನ ಬೆಲೆ ಯಾವ ಲೆಕ್ಕಕ್ಕೂ ಇಲ್ಲ.

ಗಡಿಯಾರವೂ ಒತ್ತಡದ ಗೇಜೂ

ಮಂದಗತಿಯನ್ನು ಅಳೆಯಲು ಗಡಿಯಾರವೇ ಸಾಕು. ೧೦೦ ಮಿಲಿಮೀಟರು ಅಗಲ, ಒಂದು ಮೀಟರು ಓಟವಿರುವ ಸಿಲಿಂಡರು ಪೂರ್ಣ ಚಾಚಲು ೭.೮೫ ಲೀಟರು ಎಣ್ಣೆ ಬೇಕು. ನಿಮಿಷಕ್ಕೆ ೮೦ ಲೀಟರು ಕೊಡುವ ಪಂಪು ಇದನ್ನು ಸುಮಾರು ೬ ಸೆಕೆಂಡಿನಲ್ಲಿ ಮುಗಿಸುವುದು. ಅದೇ ಕೆಲಸಕ್ಕೆ ಎಂಟೂವರೆ ಸೆಕೆಂಡು ಹಿಡಿದರೆ ನಿಮಿಷಕ್ಕೆ ಸುಮಾರು ೫೫ ಲೀಟರು ಮಾತ್ರ ಸಿಲಿಂಡರಿಗೆ ತಲುಪುತ್ತಿದೆ. ಮಿಕ್ಕ ೨೫ ಲೀಟರು ಎಲ್ಲಿಯೋ ಒಳಗೇ ಸೋರಿ ಟ್ಯಾಂಕಿಗೆ ಹೋಗುತ್ತಿದೆ, ಅಥವಾ ಪಂಪಿನಿಂದ ಹೊರಟೇ ಇಲ್ಲ. ಪ್ರತಿಯೊಂದು ಚಲನೆಯನ್ನೂ ಬೆಳಗ್ಗೆ ಎಣ್ಣೆ ತಣ್ಣಗಿರುವಾಗ ಒಂದು ಸಲ, ಎರಡು ಗಂಟೆ ದುಡಿದ ಮೇಲೆ ಒಂದು ಸಲ, ಎಂಜಿನ್ನಿನ ಒಂದೇ ವೇಗದಲ್ಲಿ ಅಳೆದು ಬರೆದಿಡಬೇಕು. ಎಲ್ಲ ಚಲನೆಗಳೂ ಮಂದವಾಗಿದ್ದರೆ ದೋಷವು ಎಲ್ಲಕ್ಕೂ ಸಾಮಾನ್ಯವಾದ ಸ್ಥಳದಲ್ಲಿದೆ: ಟ್ಯಾಂಕಿ, ಹೀರುಕೊಳವೆ, ಪಂಪು ಅಥವಾ ಮುಖ್ಯ ರಿಲೀಫ್ ವಾಲ್ವು. ಒಂದೇ ಚಲನೆ ಮಂದವಾಗಿದ್ದರೆ ಪಂಪಿನ ಮಾತನ್ನೇ ಎತ್ತಬೇಕಾಗಿಲ್ಲ. ಆ ಸಿಲಿಂಡರು, ಅದರ ಸ್ಪೂಲ್, ಅದರ ಕೊಳವೆಗಳಷ್ಟನ್ನೇ ನೋಡಿದರಾಯಿತು. ತಣ್ಣಗಿರುವಾಗ ಸರಿಯಾಗಿದ್ದು ಕಾದ ಮೇಲೆ ಮಂದವಾದರೆ ಒಳಸೋರಿಕೆಯುಂಟೆಂದು ತಿಳಿಯಬೇಕು, ಏತಕ್ಕೆಂದರೆ ಕಾದ ಎಣ್ಣೆಯು ತೆಳುವಾಗಿ ಸಂದುಗಳಲ್ಲಿ ಸುಲಭವಾಗಿ ನುಸುಳುವುದು.

ಬಲವನ್ನು ಅಳೆಯಲು ಒತ್ತಡದ ಗೇಜು ಬೇಕು. ೪೦೦ ಬಾರ್‌ವರೆಗೆ ತೋರುವಂಥದು ಇಂಥ ಯಂತ್ರಗಳಿಗೆ ಯೋಗ್ಯವಾಗಿರುವುದು. ಪರೀಕ್ಷೆಗೆಂದೇ ಬಿಟ್ಟಿರುವ ಬಾಯಿಗೆ ಅದನ್ನು ಜೋಡಿಸಿ, ಒಂದು ಸಿಲಿಂಡರನ್ನು ಕೊನೆಯವರೆಗೆ ಓಡಿಸಿ, ಕೆಲವೇ ಸೆಕೆಂಡು ಸನ್ನೆಯನ್ನು ಹಿಡಿದು ಅಂಕವನ್ನು ಓದಿ, ಪುಸ್ತಕದಲ್ಲಿ ಹೇಳಿರುವ ಅಂಕದೊಡನೆ ಹೋಲಿಸಬೇಕು. ಪುಸ್ತಕದ ಒತ್ತಡ ಬಂದಿದ್ದೂ ತೋಳಿಗೆ ಬಲವಿಲ್ಲದಿದ್ದರೆ ಪಂಪೂ ರಿಲೀಫ್ ವಾಲ್ವೂ ನಿರಪರಾಧಿಗಳು. ಎಲ್ಲ ಕೆಲಸಗಳಲ್ಲಿಯೂ ಒತ್ತಡ ಕಡಿಮೆಯಿದ್ದರೆ ಮೊದಲು ರಿಲೀಫ್ ವಾಲ್ವನ್ನು ಬಿಚ್ಚಿ ಅದರ ಪೀಠದಲ್ಲಿ ಕಸವಿದೆಯೇ, ಸ್ಪ್ರಿಂಗೂ ಅದರ ಅಡಿಯ ತೆಳು ಬಿಲ್ಲೆಗಳೂ ಸರಿಯಾಗಿವೆಯೇ ಎಂದು ನೋಡಬೇಕು. ಪಂಪಿಗಿಂತ ಇದು ಅಗ್ಗದ ಪರೀಕ್ಷೆ. ಅಲ್ಲಿ ಏನೂ ಕಾಣದಿದ್ದರೆ ಹರಿವಿನ ಮೀಟರಿರುವ ಕಡೆಗೆ ಯಂತ್ರವನ್ನು ಒಯ್ದು, ಪಂಪು ಭಾರವಿಲ್ಲದಾಗ ಎಷ್ಟು ಲೀಟರು, ಕೆಲಸದ ಒತ್ತಡದಲ್ಲಿ ಎಷ್ಟು ಲೀಟರು ಕೊಡುವುದೆಂದು ಅಳೆಯಿಸಬೇಕು. ಎರಡಕ್ಕೂ ನಡುವೆ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕೊರತೆ ಬಿದ್ದರೆ ಸಾಮಾನ್ಯವಾಗಿ ಪಂಪು ಸವೆದಿದೆಯೆಂದು ಹೇಳುವರು. ಪಂಪನ್ನು ಅಪರಾಧಿಯೆಂದು ಸಾರಲು ಇದಕ್ಕಿಂತ ಕಡಿಮೆಯ ಸಾಕ್ಷ್ಯವು ಸಾಲದು.

ಬಲ ಸಾಲದೆಂದ ಕೂಡಲೇ ರಿಲೀಫ್ ವಾಲ್ವಿನ ಸ್ಕ್ರೂವನ್ನು ಅರ್ಧ ಸುತ್ತು, ಒಂದು ಸುತ್ತು ಎಂದು ಬಿಗಿಯುತ್ತ ಹೋಗುವ ದುರಭ್ಯಾಸವೊಂದಿದೆ. ಈ ವಾಲ್ವು ಕೆರೆಯ ಕೋಡಿಯಿದ್ದಂತೆ. ನೀರು ಮಿತಿಮೀರಿದಾಗ ಕಟ್ಟೆಯನ್ನು ಉಳಿಸುವುದೇ ಅದರ ಧರ್ಮ. ಗೇಜಿಲ್ಲದೆ ಬಿಗಿದರೆ ಒತ್ತಡವು ಹತ್ತಾರು ಬಾರ್ ಏರಿರುವುದು ಯಾರಿಗೂ ತಿಳಿಯದು. ಆ ದಿನ ತೋಳು ಬಲವಾದಂತೆ ಕಂಡು, ಕೆಲವು ದಿನಗಳಲ್ಲಿ ಕೊಳವೆ ಸಿಡಿಯುವುದು, ಸಿಲಿಂಡರಿನ ಮುಚ್ಚಳ ಕೀಳುವುದು ಅಥವಾ ಪಂಪಿನ ಒಡಲೇ ಬಿರಿಯುವುದು.

ತಾನಾಗಿ ಇಳಿಯುವ ಬಕೆಟ್ಟು

ಎತ್ತಿ ನಿಲ್ಲಿಸಿದ ಬಕೆಟ್ಟು ಎಂಜಿನ್ನು ಆರಿದ ಮೇಲೆ ಮೆಲ್ಲನೆ ಇಳಿದರೆ, ಸಿಲಿಂಡರಿನ ಸೀಲ್ ಹೋಗಿದೆಯೆಂದು ಅದನ್ನೇ ಬಿಚ್ಚುವುದು ವಾಡಿಕೆ. ಬಿಚ್ಚಲು ಸುಲಭವಾಗಿರುವುದೇ ಇದಕ್ಕೆ ಕಾರಣವೆಂದು ತೋರುವುದು. ಅಲ್ಪ ಸ್ವಲ್ಪ ಇಳಿತವು ಎಲ್ಲ ಯಂತ್ರಗಳಿಗೂ ಉಂಟು. ಸ್ಪೂಲಿನ ಸುತ್ತ ರಬ್ಬರಿನ ತಡೆಯಿಲ್ಲದೆ ಕಿರಿದಾದ ಸಂದೇ ಎಣ್ಣೆಯನ್ನು ತಡೆಯುವುದರಿಂದ ಇದು ಅನಿವಾರ್ಯ. ಆದರೆ ಕಣ್ಣಿಗೆ ಕಾಣುವಂತೆ ಇಳಿದರೆ ವಿಚಾರಿಸಬೇಕು.

ಮುಂಬದಿಯ ಬಕೆಟ್ಟನ್ನು ಎತ್ತುವ ಸಿಲಿಂಡರುಗಳಲ್ಲಿ ಭಾರವು ದಂಡವನ್ನು ಒಳಕ್ಕೆ ನೂಕುವುದು. ಎರಡು ಕಡೆಯ ದಾರಿಗಳೂ ವಾಲ್ವಿನಲ್ಲಿ ಭದ್ರವಾಗಿ ಮುಚ್ಚಿದ್ದರೆ, ಪಿಸ್ಟನ್ನಿನ ಸೀಲ್ ಪೂರ್ತಿ ಹಾಳಾಗಿದ್ದರೂ ದಂಡವು ಬಹುದೂರ ಒಳಸೇರಲಾರದು. ತುಂಬಿದ ಕೊಡಕ್ಕೆ ಒನಕೆಯನ್ನು ಇಳಿಸಬೇಕಾದರೆ ಅದರ ಗಾತ್ರದಷ್ಟು ನೀರು ಹೊರಚೆಲ್ಲಲೇ ಬೇಕಷ್ಟೆ. ಹಾಗೆಯೇ ಒಳಬರುವ ದಂಡದ ಗಾತ್ರದಷ್ಟು ಎಣ್ಣೆಯು ಸಿಲಿಂಡರಿನಿಂದ ಹೊರಡಬೇಕು. ಅದು ಹೊರಡಲು ದಾರಿ ಸಿಕ್ಕಿದೆಯೆಂದರೆ ವಾಲ್ವು, ಕೊಳವೆ ಅಥವಾ ದಂಡದ ಬಾಯಿಯ ಸೀಲ್ ಸೋರುತ್ತಿರಬೇಕು. ಕೊಳವೆಯೂ ದಂಡದ ಬಾಯಿಯೂ ಒಣಗಿದ್ದರೆ ಉಳಿದುದು ವಾಲ್ವು ಮಾತ್ರ. ಹಿಂಬದಿಯ ತೋಳಿನಲ್ಲಾದರೋ ಅನೇಕ ಯಂತ್ರಗಳಲ್ಲಿ ಭಾರವು ದಂಡವನ್ನು ಹೊರಕ್ಕೆ ಎಳೆಯುವುದು. ಅಲ್ಲಿ ಪಿಸ್ಟನ್ನಿನ ಸೀಲಿನಿಂದಲೂ ಇಳಿತ ಬರಬಹುದು. ಒಂದೇ ಯಂತ್ರದ ಎರಡು ತುದಿಗಳಿಗೆ ಎರಡು ತೀರ್ಪುಗಳು ಬೇಕಾಗುವುದು ಹೀಗೆ.

ಸೀಲನ್ನು ಅನುಮಾನಿಸಿದರೆ ಬಿಚ್ಚದೆಯೇ ಪರೀಕ್ಷಿಸಬಹುದು. ಬಕೆಟ್ಟನ್ನು ನೆಲಕ್ಕೂರಿ, ಸಿಲಿಂಡರನ್ನು ಒಂದು ಕೊನೆಗೆ ತಂದು, ಎಂಜಿನ್ನನ್ನು ಆರಿಸಿ, ಸನ್ನೆಯನ್ನು ಅತ್ತಿತ್ತ ಆಡಿಸಿ ಒತ್ತಡವನ್ನು ಕಳೆದ ಮೇಲೆ, ಒತ್ತಡ ಬೀಳದ ಕಡೆಯ ಕೊಳವೆಯನ್ನು ಬಿಚ್ಚಿ ಅದರ ಬಾಯಿಗೆ ಬಿರಡೆ ಹಾಕಬೇಕು. ತರುವಾಯ ಅದೇ ಕೊನೆಯ ಕಡೆಗೆ ಮೆಲ್ಲನೆ ಒತ್ತಡ ಕೊಟ್ಟಾಗ ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆಯು ಬಿಡದೆ ಹರಿದರೆ ಸೀಲ್ ಕೆಟ್ಟಿದೆ. ಕೆಲವು ತೊಟ್ಟು ಬಿದ್ದು ನಿಂತರೆ ಕೆಟ್ಟಿಲ್ಲ. ಹೊಸದಾಗಿ ಹಾಕಿದ ಸೀಲ್ ಸೋರಿದರೆ ಅದರ ತುಟಿಯು ಒತ್ತಡ ಬರುವ ಕಡೆಗೆ ಮುಖಮಾಡಿದೆಯೇ ಎಂದು ನೋಡಬೇಕು. ತಿರುಗುಮುರುಗಾದ ಸೀಲ್ ಕೊಡೆಯು ಗಾಳಿಗೆ ಮಗುಚಿದಂತೆ ಮಗುಚಿಕೊಳ್ಳುವುದು. ಎತ್ತಲು ಸನ್ನೆ ಎಳೆದ ಕೂಡಲೇ ಬಕೆಟ್ಟು ಮೊದಲು ಗೇಣುದ್ದ ಕುಸಿದು ಅನಂತರ ಏರುವುದಾದರೆ, ವಾಲ್ವು ಪೆಟ್ಟಿಗೆಯಲ್ಲಿ ಭಾರವನ್ನು ತಡೆಯುವ ಸಣ್ಣ ವಾಲ್ವು ಕಸ ಸಿಕ್ಕಿ ತೆರೆದಿರುವುದು, ಅಥವಾ ಜೋಡಿಸುವಾಗ ಅದನ್ನು ಹಾಕಲು ಮರೆತಿರುವುದು. ಸ್ಪೂಲುಗಳನ್ನು ಒಂದರ ಮನೆಯಲ್ಲಿ ಇನ್ನೊಂದನ್ನು ಕೂರಿಸಿದರೂ ಸೋರಿಕೆ ಹೆಚ್ಚುವುದು. ಅವು ತಮ್ಮ ತಮ್ಮ ಮನೆಗೆ ಜೋಡಿಯಾಗಿ ಉಜ್ಜಲ್ಪಟ್ಟವು.

ಎಣ್ಣೆಯ ಬಣ್ಣವೂ ಬಿಸಿಯೂ ಬಹಳ ಸಂಗತಿಗಳನ್ನು ಹೇಳುವುವು. ಮಜ್ಜಿಗೆಯಂತಾದ ಎಣ್ಣೆಯನ್ನು ಗಾಜಿನ ಸೀಸೆಯಲ್ಲಿ ಇಟ್ಟರೆ, ಗಾಳಿಯ ನೊರೆಯಾಗಿದ್ದಲ್ಲಿ ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗುವುದು. ನೀರು ಸೇರಿದ್ದರೆ ಕದಡಿದಂತೆಯೇ ಇರುವುದು. ಕಾದ ಕಬ್ಬಿಣದ ತಗಡಿನ ಮೇಲೆ ಒಂದು ತೊಟ್ಟು ಹಾಕಿದಾಗ ಚಟಪಟನೆ ಸಿಡಿದರೆ ನೀರಿರುವುದು ನಿಶ್ಚಯ. ಎಣ್ಣೆಯ ಶಾಖವು ೮೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಸೀಲುಗಳೂ ಎಣ್ಣೆಯೂ ಕೆಡುವುವು. ನಿಮಿಷಕ್ಕೆ ೮೦ ಲೀಟರು ಎಣ್ಣೆಯು ೨೦೦ ಬಾರ್ ಒತ್ತಡದಿಂದ ಕೆಲಸ ಮಾಡದೆ ವಾಲ್ವಿನ ಮೂಲಕ ಟ್ಯಾಂಕಿಗೆ ಬಿದ್ದರೆ ಸುಮಾರು ೩೫ ಕುದುರೆಬಲವು ಬರಿಯ ಬಿಸಿಯಾಗಿ ಹೋಗುವುದು. ಆದುದರಿಂದ ಸೋರುವ ಭಾಗವು ಉಳಿದವುಗಳಿಗಿಂತ ಬಿಸಿಯಾಗಿರುವುದು. ಈಚೆಗೆ ದೊರೆಯುವ ದೂರದಿಂದ ಶಾಖ ತೋರಿಸುವ ಉಪಕರಣದಿಂದ ಅದನ್ನು ಬೇಗ ಗುರುತಿಸಬಹುದು. ಟ್ರ್ಯಾಕ್ಟರಿನ ನೇಗಿಲನ್ನು ಎತ್ತುವ ಭಾಗಕ್ಕೂ ಇವೇ ನಿಯಮಗಳು ಅನ್ವಯಿಸುವುವು. ಅಲ್ಲಿ ಅನೇಕ ಮಾದರಿಗಳಲ್ಲಿ ಗೇರುಪೆಟ್ಟಿಗೆಗೂ ಲಿಫ್ಟಿಗೂ ಎಣ್ಣೆ ಒಂದೇ ಆಗಿರುವುದರಿಂದ ಗೇರಿನ ಸವೆತದ ಪುಡಿಯು ಲಿಫ್ಟಿನ ಪಂಪಿಗೆ ಬರುವುದೆಂಬುದು ವಿಶೇಷ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆ

ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದಾಗ ಹೊರಡುವ ಎಣ್ಣೆಯ ಎಳೆಯು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದು ಚರ್ಮವನ್ನು ಭೇದಿಸಿ ಒಳಹೋಗುವುದು. ಗಾಯವು ಮುಳ್ಳು ಚುಚ್ಚಿದಂತೆ ಕಾಣುವುದು, ಮೊದಲು ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ಊದಿ, ಶಸ್ತ್ರಚಿಕಿತ್ಸೆ ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗುವುದು. ಅರಿಸಿನ ಹಚ್ಚಿ ಕಾಯುವ ಗಾಯವಲ್ಲ ಇದು; ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ದು ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ತಿಳಿಸತಕ್ಕದ್ದು. ಸೋರಿಕೆಯನ್ನು ಹುಡುಕಲು ಕೈಯನ್ನು ಸವರದೆ ರಟ್ಟಿನ ತುಂಡನ್ನು ಹಿಡಿಯಬೇಕು. ಎತ್ತಿ ನಿಂತ ತೋಳಿನ ಕೆಳಗೆ, ಎಂಜಿನ್ನು ಆರಿದ್ದರೂ, ಉಕ್ಕಿನ ಊರೆಯಿಲ್ಲದೆ ಯಾರೂ ಹೋಗಕೂಡದು. ಪರೀಕ್ಷೆ ನಡೆಯುವಾಗ ನೋಡಲು ಸೇರುವ ಹುಡುಗರನ್ನು ದೂರವಿಡುವುದು ಊರಿನ ಹಿರಿಯರಿಗೆ ಸೇರಿದ ಕೆಲಸ.

ಯಂತ್ರವನ್ನು ಗರಾಜಿಗೆ ಒಪ್ಪಿಸುವಾಗಲೇ ಕರಾರನ್ನು ಬರೆದುಕೊಳ್ಳುವುದು ಉತ್ತಮ. ಬಿಚ್ಚುವ ಮುನ್ನ ಪ್ರತಿಯೊಂದು ಚಲನೆಯ ಸೆಕೆಂಡುಗಳನ್ನೂ ಮುಖ್ಯ ಒತ್ತಡವನ್ನೂ ಬರೆಯಿಸಿ, ಕಟ್ಟಿದ ಮೇಲೆ ಒಡೆಯನ ಎದುರಿನಲ್ಲಿಯೇ ಮತ್ತೆ ಅಳೆಯಬೇಕೆಂಬುದು ಅದರಲ್ಲಿರಬೇಕು. ತೆಗೆದ ಹಳೆಯ ಭಾಗಗಳನ್ನೆಲ್ಲ ಮರಳಿ ಕೊಡಬೇಕೆಂದೂ, ಹೀರುಕೊಳವೆಯನ್ನೂ ಫಿಲ್ಟರುಗಳನ್ನೂ ಹೊಸದಾಗಿ ಹಾಕಬೇಕೆಂದೂ, ಬಾಕಿ ಹಣವನ್ನು ಯಂತ್ರವು ಕಾದ ಎಣ್ಣೆಯಲ್ಲಿ ಪೂರ್ತಿ ಒಂದು ದಿನ ಕೆಲಸ ಮಾಡಿದ ಮೇಲೆ ಕೊಡುವುದೆಂದೂ ಸೇರಿಸಬೇಕು. ಮೊದಲ ಐವತ್ತು ಗಂಟೆಗಳ ಕೆಲಸವಾದ ಮೇಲೆ ಮರಳು ದಾರಿಯ ಫಿಲ್ಟರನ್ನು ತೆಗೆದು, ಕತ್ತರಿಸಿ, ಮಡಿಕೆಗಳನ್ನು ಬಿಳಿಯ ಬಟ್ಟೆಯ ಮೇಲೆ ಬಿಡಿಸಿ ನೋಡಬೇಕು. ಅಯಸ್ಕಾಂತಕ್ಕೆ ಅಂಟುವ ಪುಡಿಯಿದ್ದರೆ ಉಕ್ಕು ಸವೆಯುತ್ತಿದೆ. ಹಳದಿ ಹೊಳಪಿದ್ದರೆ ಕಂಚಿನ ಭಾಗಗಳು. ಕಪ್ಪು ರಬ್ಬರಿನ ತುಣುಕುಗಳಿದ್ದರೆ ಯಾವುದೋ ಸೀಲ್ ಅಥವಾ ಕೊಳವೆಯ ಒಳಪದರ. ಆ ಬಟ್ಟೆಯನ್ನು ಮಡಿಚಿ, ದಿನಾಂಕವನ್ನೂ ಗಂಟೆಗಳ ಲೆಕ್ಕವನ್ನೂ ಬರೆದು, ಯಂತ್ರದ ಕಾಗದಪತ್ರಗಳೊಡನೆ ಇಡತಕ್ಕದ್ದು.